ನಿಲ್ಲಿಸಿ ಎನ್ನುವ ಅಧಿಕಾರ



‘ಬದಲಾಗುತ್ತಿರುವ ಆರೋಗ್ಯ ವ್ಯವಸ್ಥೆಯಲ್ಲಿ ನಿರ್ವಹಣೆ ಮತ್ತು ನಾಯಕತ್ವ’ ಎಂಬ ವಿಷಯವನ್ನು ನನಗೆ ಕೊಟ್ಟಿದ್ದಾರೆ. ಈ ಹೆಸರಿನ ತರಬೇತಿಗಳು ಬೆಂಗಳೂರಿನ ಹೋಟೆಲುಗಳಲ್ಲಿ ಬೇಕಾದಷ್ಟು ನಡೆಯುತ್ತವೆ, ಊಟವೂ ಚೆನ್ನಾಗಿರುತ್ತದೆ. ಅಲ್ಲಿಯ ಪಾಠವನ್ನು ನಾನು ಇಲ್ಲಿ ಒಪ್ಪಿಸುವುದಿಲ್ಲ. ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ 2024ರ ನವೆಂಬರಿನಲ್ಲಿ ನಡೆದದ್ದನ್ನು ಹಿಡಿದು ಮಾತಾಡುತ್ತೇನೆ.

ನಮ್ಮೂರು ತೆಕ್ಕಲಕೋಟೆಯಲ್ಲಿ ಹೆರಿಗೆ ಕಷ್ಟವಾದರೆ ತಾಲ್ಲೂಕು ಆಸ್ಪತ್ರೆಗೆಂದು ಉತ್ತರಕ್ಕೆ, ಸಿರುಗುಪ್ಪಕ್ಕೆ ಕಳಿಸುತ್ತಾರೆ. ಅಲ್ಲಿ ಆಗದಿದ್ದರೆ ಆಂಬುಲೆನ್ಸು ತಿರುಗಿ ನಮ್ಮೂರ ಮೇಲೇ ಹಾದು ದಕ್ಷಿಣಕ್ಕೆ, ಬಳ್ಳಾರಿಗೆ ಹೋಗಬೇಕು. ಹೋದ ದಾರಿಯಲ್ಲೇ ವಾಪಸು ಬರುವಾಗ ಆ ಹೆಣ್ಣುಮಗಳು ಏನು ಅಂದುಕೊಳ್ಳುತ್ತಾಳೋ! ಅಂತೂ ಬಳ್ಳಾರಿ ಮುಟ್ಟಿದರೆ ಜೀವ ಉಳಿಯಿತು ಎಂದೇ ಸುತ್ತಿನ ಹಳ್ಳಿಗಳ ಲೆಕ್ಕ.

ಆ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಕೆಲವರ ಸ್ಥಿತಿ ಒಬ್ಬರ ಹಿಂದೊಬ್ಬರಂತೆ ಬಿಗಡಾಯಿಸಿತು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಐವರು ತೀರಿಕೊಂಡಿದ್ದರು. ಅನುಮಾನ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ (ಆರ್.ಎಲ್.) ದ್ರಾವಣದ ಮೇಲೆ. ನಾವು ‘ಸಲಾಯಿನ್ ಹಚ್ಚಿದರು’ ಎನ್ನುತ್ತೇವಲ್ಲ, ಅಂಥ ಬಾಟಲಿಯೇ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಲವಣಗಳಿಗೆ ಲ್ಯಾಕ್ಟೇಟ್ ಸೇರಿಸಿದ ನೀರು. ಇಡೀ ಆಸ್ಪತ್ರೆಯಲ್ಲಿ ಇದರಷ್ಟು ಅಗ್ಗದ, ಇದರಷ್ಟು ಯೋಚನೆಯಿಲ್ಲದೆ ಹಚ್ಚುವ ಔಷಧಿ ಇನ್ನೊಂದಿರಲಾರದು.

ಬಾಟಲಿ ಪೂರೈಸಿದ ಕಂಪನಿ ಪಶ್ಚಿಮ ಬಂಗಾಳದ್ದು. ಖರೀದಿಸಿದ್ದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಆ ಕಂಪನಿಯ ಕೆಲವು ಬ್ಯಾಚುಗಳು ಗುಣಮಟ್ಟದ್ದಲ್ಲ ಎಂದು ನಮ್ಮ ರಾಜ್ಯದ ಪರೀಕ್ಷೆಯಲ್ಲಿ ಮೊದಲೇ ಕಂಡುಬಂದಿತ್ತು. ಕೇಂದ್ರದ ಪ್ರಯೋಗಾಲಯ ಸರಿಯಾಗಿದೆ ಎಂದಿತು. ತಡೆಹಿಡಿದಿದ್ದ ದಾಸ್ತಾನು ಮತ್ತೆ ಬಳಕೆಗೆ ಬಂತು. ಸಾವುಗಳಾದ ಮೇಲೆ ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು, ಆ ಕಂಪನಿಯ ದ್ರಾವಣ ನಿಂತಿತು, ರಾಜಕೀಯದ ಮಾತುಗಳೂ ಆದವು. ಆ ಮಾತುಗಳು ನನಗೆ ಇಲ್ಲಿ ಬೇಡ.

ನನ್ನನ್ನು ಕಾಡುವುದು ಎರಡು ವರದಿಗಳ ನಡುವಿನ ಆ ಜಾಗ. ಔಷಧ ಕಾಯ್ದೆಯ ಪ್ರಕಾರ ಕೇಂದ್ರ ಪ್ರಯೋಗಾಲಯದ ವರದಿಯೇ ಅಂತಿಮ. ಕೋರ್ಟಿಗೆ ಅದು ಸರಿ. ಜಗಳ ಒಂದು ಕಡೆ ಮುಗಿಯಬೇಕಲ್ಲ. ಆದರೆ ಹೆರಿಗೆ ವಾರ್ಡು ಕೋರ್ಟಲ್ಲ. ಒಂದು ಪ್ರಯೋಗಾಲಯ ಬೇಡ ಅಂದಿದೆ, ಇನ್ನೊಂದು ಆಗಬಹುದು ಅಂದಿದೆ ಎಂದಾದರೆ, ಬೇರೆ ಕಂಪನಿಯ ಬಾಟಲಿ ಸಿಗುವ ತನಕ ಇದನ್ನು ಮುಟ್ಟಬೇಡಿ ಎನ್ನಲು ಕಾಯ್ದೆ ಬೇಕಿಲ್ಲ, ಒಬ್ಬ ಮನುಷ್ಯ ಬೇಕು. ಹಾಗೆ ಹೇಳಿದ ಮೇಲೆ ಸ್ಟಾಕ್ ಇಲ್ಲವೆಂದು ಬೈಸಿಕೊಳ್ಳಲೂ ಅವನು ತಯಾರಿರಬೇಕು. ನಾಯಕತ್ವ ಎಂದು ನಾನು ಕರೆಯುವುದು ಇದನ್ನೇ.

ಹೀಗೆ ಬಾಣಂತಿಯರು ಸತ್ತದ್ದು ಇದು ಮೊದಲ ಸಲವೂ ಅಲ್ಲ. 2011ರಲ್ಲಿ ಜೋಧಪುರದ ಉಮೇದ್ ಆಸ್ಪತ್ರೆಯಲ್ಲಿ ಕಲುಷಿತ ದ್ರಾವಣದಿಂದಲೇ ಹತ್ತಕ್ಕೂ ಹೆಚ್ಚು ಬಾಣಂತಿಯರು ಸತ್ತರು. ದೇಶವೆಲ್ಲ ಓದಿದ ಸುದ್ದಿ ಅದು. ಹದಿಮೂರು ವರ್ಷವಾದರೂ ಅದು ಬಳ್ಳಾರಿಯ ವಾರ್ಡಿಗೆ ಒಂದು ನಿಯಮವಾಗಿ ಬಂದು ಮುಟ್ಟಲಿಲ್ಲ. ಬಳ್ಳಾರಿಯ ಸುದ್ದಿಯಾದರೂ ಎಲ್ಲಿ ಮುಟ್ಟಿತು? ಆ ಕಂಪನಿ ಉತ್ಪಾದನೆ ನಿಲ್ಲಿಸಬೇಕೆಂದು ಬಂಗಾಳದಲ್ಲಿ ಡಿಸೆಂಬರಿನಲ್ಲೇ ಆದೇಶವಾಗಿತ್ತು. 2025ರ ಜನವರಿಯಲ್ಲಿ ಅಲ್ಲಿಯ ಮೇದಿನಿಪುರ ಮೆಡಿಕಲ್ ಕಾಲೇಜಿನಲ್ಲಿ ಸಿಸೇರಿಯನ್ ಆದ ತಾಯಿಯೊಬ್ಬಳು ತೀರಿಕೊಂಡಳು. ಅನುಮಾನ ಅದೇ ಕಂಪನಿಯ ದ್ರಾವಣದ ಮೇಲೇ. ಆದೇಶಕ್ಕೆ ಕಾರ್ಖಾನೆಯ ಗೇಟು ಸಿಕ್ಕಿತು, ವಾರ್ಡಿನ ಕಪಾಟು ಸಿಗಲಿಲ್ಲ.

ಹಾಗಾದರೆ ಕಪಾಟಿನ ಮುಂದೆ ನಿಂತವರು ಯಾರು? ರಾತ್ರಿ ಪಾಳಿಯ ಸ್ಟಾಫ್ ನರ್ಸು. ಬಾಟಲಿಯ ಚೀಟಿಯಲ್ಲಿ ಬ್ಯಾಚ್ ನಂಬರು, ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು, ಲೈಸೆನ್ಸ್ ನಂಬರು ಎಲ್ಲ ಇರುತ್ತವೆ. ಬೆಳಕಿಗೆ ಹಿಡಿದು ಒಳಗೆ ಕಸರು ತೇಲುತ್ತಿದೆಯೇ ಎಂದು ನೋಡಬೇಕು. ಆದರೆ ಬ್ಯಾಕ್ಟೀರಿಯಾದ ವಿಷ ಬೆರೆತಿದ್ದರೆ ನೀರು ಸ್ಫಟಿಕದಂತೆಯೇ ಇರುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಕಾಣುವುದು ರೋಗಿಯ ಮೈಯಲ್ಲಿ: ಬಾಟಲಿ ಹಚ್ಚಿದ ಸ್ವಲ್ಪ ಹೊತ್ತಿಗೆ ನಡುಕ, ಜ್ವರ, ಆಮೇಲೆ ಮೂತ್ರದ ಚೀಲ ತುಂಬದಿರುವುದು. ಅದನ್ನು ಮೊದಲು ನೋಡುವವಳು ಆ ನರ್ಸೇ. ಇನ್ನು ಕೇಸ್ ಶೀಟು ತೆಗೆದು ನೋಡಿ, ‘ಆರ್.ಎಲ್. ಒಂದು ಪೈಂಟ್’ ಎಂದು ಬರೆಯುವುದು ವಾಡಿಕೆ. ಬ್ಯಾಚ್ ನಂಬರು ಬರೆಯುವುದು ಅಪರೂಪ. ಮೂರು ಮಂಚಗಳಲ್ಲಿ ಮೂವರಿಗೆ ನಡುಕ ಬಂದರೂ ಮೂವರಿಗೂ ಹಚ್ಚಿದ್ದು ಒಂದೇ ಬ್ಯಾಚೇ ಎಂದು ಬೆಳಿಗ್ಗೆ ಯಾರಿಗೂ ಹೇಳಲು ಬರುವುದಿಲ್ಲ.

ಮೊದಲು ನೋಡಿದವರಿಗೇ ನಿಲ್ಲಿಸುವ ಅಧಿಕಾರ ಕೊಟ್ಟವರೂ ಇದ್ದಾರೆ. ಬಿಡದಿಯಲ್ಲಿ ಕಾರು ಮಾಡುವ ಟೊಯೋಟ ಕಂಪನಿ ಜಪಾನಿನಲ್ಲಿ ಒಂದು ಪದ್ಧತಿ ಮಾಡಿತು. ಕೆಲಸಗಾರನ ತಲೆಯ ಮೇಲೊಂದು ಹಗ್ಗ. ಎಲ್ಲೋ ತಪ್ಪಿದೆ ಅನಿಸಿದರೆ ಯಾವ ಕೂಲಿಯವನೂ ಅದನ್ನು ಜಗ್ಗಬಹುದು. ಮೇಲ್ವಿಚಾರಕ ಓಡಿ ಬರಬೇಕು, ಸರಿಯಾಗದಿದ್ದರೆ ಇಡೀ ಸಾಲು ನಿಲ್ಲಬೇಕು. ಅಮೆರಿಕದ ಸಿಯಾಟಲ್‌ನ ವರ್ಜೀನಿಯಾ ಮೇಸನ್ ಆಸ್ಪತ್ರೆಯವರು ಇದನ್ನೇ ಕಲಿತು 2002ರಿಂದ ತಮ್ಮಲ್ಲಿ ತಂದರು. ಅಲ್ಲಿ ಯಾವ ಸಿಬ್ಬಂದಿಯಾದರೂ ನಿಲ್ಲಿಸಿ ಎನ್ನಬಹುದು. ನಮ್ಮಲ್ಲಿ ಹಗ್ಗ ಜಗ್ಗಿದವರಿಗೆ ಮೊದಲು ಬರುವುದು ಕಾರಣ ಕೇಳಿ ನೋಟಿಸು.

2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ ಆದ 464 ತಾಯಂದಿರ ಸಾವುಗಳನ್ನು ಸರ್ಕಾರವೇ ಪರಿಶೀಲಿಸಿ, ಶೇ. 70ರಷ್ಟನ್ನು ತಪ್ಪಿಸಬಹುದಿತ್ತು ಎಂದು ಒಪ್ಪಿಕೊಂಡಿತು. ಒಪ್ಪಿಕೊಂಡದ್ದು ದೊಡ್ಡದೇ. ಆದರೆ ತಪ್ಪಿಸಲು ಹಣವೊಂದೇ ಸಾಲದು. ಗಣಿಬಾಧಿತವೆಂದು ಖನಿಜ ನಿಧಿ ಬರುವ ಜಿಲ್ಲೆ ನಮ್ಮದು. ಕಟ್ಟಡಕ್ಕೂ ಯಂತ್ರಕ್ಕೂ ಹಣ ಹೊಂದುತ್ತದೆ. ಸಿಸ್ಟರ್ ಹೇಳಿದ ಮಾತು ಮೇಲಕ್ಕೆ ಮುಟ್ಟುವುದಕ್ಕೆ ಹಣ ಬೇಕಿಲ್ಲ. ಅದಕ್ಕೇ ಇರಬೇಕು, ಅದಕ್ಕೆ ಟೆಂಡರೂ ಇಲ್ಲ, ಉದ್ಘಾಟನೆಯೂ ಇಲ್ಲ.

ಆಸ್ಪತ್ರೆಯ ಆಚೆಗೂ ಇದೇ ಕಥೆ. ಮನೆಗೆ ಬಂದ ಬಾಣಂತಿಯನ್ನು ಮೂರನೆಯ ದಿನ, ಏಳನೆಯ ದಿನ, ಹೀಗೆ ನಲವತ್ತೆರಡನೆಯ ದಿನದವರೆಗೆ ನೋಡುವವಳು ಆಶಾ ಕಾರ್ಯಕರ್ತೆ. 2025ರ ಜನವರಿಯಲ್ಲಿ ಈ ಹೆಣ್ಣುಮಕ್ಕಳು ತಿಂಗಳಿಗೆ 15,000 ರೂಪಾಯಿ ಕೇಳುತ್ತ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿದರು. ಕನಿಷ್ಠ 10,000ದ ಭರವಸೆ ಸಿಕ್ಕಿತು. ಅವರ ಮೊಬೈಲಿನಲ್ಲಿ ಎಲ್ಲದಕ್ಕೂ ಅಂಕಿ ತುಂಬಬೇಕು. ‘ಈಕೆ ಯಾಕೋ ಸರಿಯಿಲ್ಲ ಸಾರ್’ ಎನ್ನುವ ಮಾತಿಗೆ ಮಾತ್ರ ಫೋನ್ ಎತ್ತುವವರು ಬೇಕು.

ಪ್ರತಿ ಸರ್ಕಾರಿ ಆಸ್ಪತ್ರೆಗೂ ಆರೋಗ್ಯ ರಕ್ಷಾ ಸಮಿತಿ ಇದೆ. ಸಭೆಗೆ ಹೋಗುವವರು ಇಲ್ಲಿಯೂ ಕುಳಿತಿರಬಹುದು. ಮೂರು ಸಂಗತಿ ಕೇಳಿ. ಬಾಟಲಿಯ ಬ್ಯಾಚ್ ನಂಬರು ಕೇಸ್ ಶೀಟಿಗೆ ಏರುತ್ತಿದೆಯೇ? ನಡುಕ ಬಂದಾಗ ಉಳಿದ ದ್ರಾವಣವನ್ನು ಕೊಳವೆ ಸಮೇತ ಸೀಲ್ ಮಾಡಿ ಇಡುತ್ತಾರೆಯೇ, ಕಸಕ್ಕೆ ಹಾಕುತ್ತಾರೆಯೇ? ರಾತ್ರಿ ಎರಡು ಗಂಟೆಗೆ ಆ ಬ್ಯಾಚನ್ನು ನಿಲ್ಲಿಸುವ ಅಧಿಕಾರ ಯಾರಿಗಿದೆ, ಅವರ ನಂಬರು ಸಿಸ್ಟರ್‌ಗಳ ಕೋಣೆಯ ಗೋಡೆಯ ಮೇಲಿದೆಯೇ? ಇಲ್ಲಿ ನಿಂತ ಬ್ಯಾಚು ಸಿರುಗುಪ್ಪ, ಕುರುಗೋಡಿನ ಕಪಾಟುಗಳಲ್ಲೂ ಇರಬಹುದು. ಆ ರಾತ್ರಿಯೇ ಅಲ್ಲಿಗೂ ಫೋನ್ ಹೋಗಬೇಕು. ಇಷ್ಟನ್ನು ಲಿಖಿತವಾಗಿ ಕೊಟ್ಟು ಸಭೆಯ ನಡಾವಳಿಯಲ್ಲಿ ಬರೆಸಿ. ಕಾಂಪೌಂಡ್ ಗೋಡೆಗೆ ಬಣ್ಣ ಹೊಡೆಸುವ ವಿಷಯ ಅದಾದ ಮೇಲೆ ತೆಗೆದುಕೊಳ್ಳಲಿ.