ಅಪರಿಚಿತ ನೀರು: ಶಾಲಾ ಪ್ರವಾಸದಲ್ಲಿ ಮಕ್ಕಳ ಸುರಕ್ಷತೆ

(ದೇವರ ಹಿಪ್ಪರಗಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ಕಡಲತೀರದಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅವರು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯವರು. ಅನಂತರ ಶಿಕ್ಷಕರ ಬಂಧನವಾಯಿತು, ತೀರಕ್ಕೆ ಪ್ರವೇಶ ನಿಷೇಧವಾಯಿತು. ಇವೆಲ್ಲ ಘಟನೆಯ ಬಳಿಕದ ಕ್ರಮಗಳು. ಕೆರೆಗಳ ನಾಡಿನಲ್ಲಿ ಬೆಳೆದ ಮಕ್ಕಳಿಗೆ, ಹಿಂದಿರುಗುವ ಅಲೆ ಕಾಲಡಿಯ ಮರಳನ್ನೇ ಸೆಳೆದೊಯ್ಯುತ್ತದೆಂಬ ಅರಿವು ಎಲ್ಲಿಂದ ಬರಬೇಕು? ಪ್ರವಾಸದ ಅಪಾಯವನ್ನು ಅಂದಾಜು ಮಾಡುವ ಕೆಲಸ ಈ ಪ್ರಶ್ನೆಯಿಂದಲೇ ಆರಂಭವಾಗಬೇಕು.

ಗುಡ್ಡಗಾಡಿನ ಮಗುವಿಗೆ ಪಾಚಿಗಟ್ಟಿದ ಬಂಡೆ, ಮಳೆಗಾಲದ ಹಳ್ಳ, ಉಂಬಳ ಎಲ್ಲವೂ ಗೊತ್ತು. ಅದೇ ಮಗು ಆಲಮಟ್ಟಿ ನೋಡಲು ಹೊರಟು, ದಾರಿಯಲ್ಲಿ ದೇವರ ಹಿಪ್ಪರಗಿಯ ಸುತ್ತಣ ಎರೆಹೊಲಗಳಿಗೆ ಇಳಿದರೆ ಕಾಣುವುದು ಬರಿಯ ಸಮತಟ್ಟು ನೆಲ. ಇಲ್ಲಿ ಬೀಳುವುದಕ್ಕೆ ಜಾಗವೇ ಇಲ್ಲವೆಂದು ಅದು ತಿಳಿದರೆ ಆಶ್ಚರ್ಯವಿಲ್ಲ.

ಜಾಗವಿದೆ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಒಣಬೇಸಾಯದ ಹೊಲಗಳಲ್ಲಿ ಕೃಷಿಹೊಂಡಗಳು ಬಂದವು. ಬೆಳೆಗೆ ಅವು ವರ. ಅದರಲ್ಲಿ ಎರಡು ಮಾತಿಲ್ಲ. ಆದರೆ ನೀರು ಇಂಗದಂತೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಕೆಲವೇ ದಿನಗಳಲ್ಲಿ ಪಾಚಿಯ ಲೋಳೆ ಕಟ್ಟುತ್ತದೆ. ಇಳಿಜಾರಿನ ಆ ಬದಿಯಲ್ಲಿ ಒದ್ದೆಗಾಲು ನಿಲ್ಲದು, ಕೈಗೆ ಹಿಡಿಯಲು ಹುಲ್ಲುಗರಿಯೂ ಸಿಗದು. ಈಜು ಬಲ್ಲವನೂ ಮೇಲೇರಲಾರದೆ ದಣಿಯುತ್ತಾನೆ. ಕೈಚಾಚಿದ ಗೆಳೆಯನೂ ಜಾರಿ ಒಳಬೀಳುತ್ತಾನೆ. ಯೋಜನೆಯಲ್ಲಿ ತಂತಿಬೇಲಿಗೂ ಅವಕಾಶವಿತ್ತು. ಬೇಲಿ ಕಿತ್ತುಹೋದ ಹೊಂಡವು ಬೇಲಿಯೇ ಇಲ್ಲದ ಹೊಂಡಕ್ಕೆ ಸಮ. ಬದಿಯ ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಟ್ಟ ಗಂಟುಹಗ್ಗವೊಂದು ಅಲ್ಲಿ ಸದಾ ಇರಬೇಕು. ಯಾರಾದರೂ ಬಿದ್ದರೆ ಹಾರಬಾರದು. ಹಗ್ಗವನ್ನೋ ಸೀರೆಯನ್ನೋ ಎಸೆಯಬೇಕು, ಎಸೆಯುವವರು ಮಲಗಿಕೊಂಡು ಎಳೆಯಬೇಕು. ಸಿಮೆಂಟು ಹಾಸಿದ ನೀರಾವರಿ ಕಾಲುವೆಗೂ ಇದೇ ಮಾತು; ಅಲ್ಲಿ ಸೆಳವೂ ಸೇರಿಕೊಳ್ಳುತ್ತದೆ.

ಮುಚ್ಚದ ಕೊಳವೆಬಾವಿಯ ವಿಷಯ ಈ ಜಿಲ್ಲೆಗೆ ಹೊಸತಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಎಳೆಯ ಕಂದನನ್ನು ಸುಮಾರು 20 ತಾಸು ಹೋರಾಡಿ ಜೀವಂತ ತೆಗೆದರು. ಇನ್ನು ತೊಗರಿ ಹೂಬಿಟ್ಟು ಕಾಯಿಕಟ್ಟುವಾಗ ಕಾಯಿಕೊರಕಕ್ಕೆ ಔಷಧ ಹೊಡೆಯುತ್ತಾರೆ. ಹೊಲ ನೋಡಲು ಮಕ್ಕಳು ಬರುವುದೂ ಬಹುಮಟ್ಟಿಗೆ ಅದೇ ದಿನಗಳಲ್ಲಿ. ಯಾವ ಹೊಲಕ್ಕೆ ಎಂದು ಹೊಡೆದರೆಂಬುದು ರೈತನಿಗೆ ಮಾತ್ರ ಗೊತ್ತು. ಅವನನ್ನು ಕೇಳದೆ ಸಾಲಿನೊಳಗೆ ಕಾಲಿಡಬಾರದು.

ಆಲಮಟ್ಟಿಯಂಥ ಅಣೆಕಟ್ಟೆಯ ಕೆಳಗಿನ ಹೊಳೆಪಾತ್ರದ್ದು ಬೇರೆಯೇ ಬಗೆಯ ಅಪಾಯ. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯಲ್ಲಿ, ಹೈದರಾಬಾದಿನ ಇಂಜಿನಿಯರಿಂಗ್ ಕಾಲೇಜಿನ 24 ವಿದ್ಯಾರ್ಥಿಗಳು ಕೊಚ್ಚಿಹೋದರು. ಅವರು ನಿಂತದ್ದು ಬಂಡೆಗಳ ಮೇಲೆ. ಮೇಲಿನ ಲಾರ್ಜಿ ಅಣೆಕಟ್ಟೆಯಿಂದ ನೀರು ಬಿಟ್ಟರು, ಹೊಳೆ ಏಕಾಏಕಿ ಏರಿತು. ಆಕಾಶ ತಿಳಿಯಾಗಿದ್ದರೂ ಅಣೆಕಟ್ಟೆಯ ಕೆಳಗೆ ಪ್ರವಾಹ ಬರಬಹುದು. ಆದುದರಿಂದ ಹೊಳೆಪಾತ್ರಕ್ಕೆ ಇಳಿಯುವ ಕಾರ್ಯಕ್ರಮವನ್ನೇ ಪ್ರವಾಸದ ಪಟ್ಟಿಯಿಂದ ತೆಗೆಯುವುದು ಲೇಸು.

ಪಾಲಕರಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳುವ ರೂಢಿಯಿದೆ. ಅದು ಇರಲಿ, ಅದರಿಂದ ಮುಳುಗುವ ಮಗು ತೇಲುವುದಿಲ್ಲ. ಒಬ್ಬ ಶಿಕ್ಷಕರು ಒಂದು ವಾರ ಮೊದಲೇ ಹೋಗಿ, ಅದೇ ದಾರಿಯಲ್ಲಿ ನಡೆದು, ಊರಿನ ದನಗಾಹಿಯನ್ನೋ ಮೀನುಗಾರನನ್ನೋ ಮಾತನಾಡಿಸಿ ಬಂದರೆ ಹೆಚ್ಚು ಪ್ರಯೋಜನ. ಎಲ್ಲಿ ಯಾರು ಬಿದ್ದಿದ್ದರು, ಹಾವಿನ ವಿಷಕ್ಕೆ ಔಷಧ ಯಾವ ಆಸ್ಪತ್ರೆಯಲ್ಲಿದೆ ಎಂಬುದನ್ನು ಊರಿನವರು ಹೇಳುತ್ತಾರೆ. ಪ್ರವಾಸದ ದಿನ ಅವರಲ್ಲೊಬ್ಬರಿಗೆ ದಿನಗೂಲಿ ಕೊಟ್ಟು ಜೊತೆಗೆ ಕರೆದೊಯ್ಯಬೇಕು. ಹತ್ತು ಮಕ್ಕಳಿಗೊಬ್ಬ ಹಿರಿಯರಿದ್ದು, ವಾಹನ ಹತ್ತುವಾಗ, ಇಳಿಯುವಾಗ, ನೀರಿನ ಬಳಿಯಿಂದ ಮರಳುವಾಗ ಹೆಸರು ಕರೆದು ಎಣಿಸಬೇಕು. ಚೀಲದಲ್ಲಿ ಊಟದ ಡಬ್ಬಿಗಳ ಜೊತೆ ಮೂವತ್ತು ಅಡಿ ಹಗ್ಗವೂ ಇರಲಿ.