ಹುಡುಕಿದವರಿಗೆ ನಿಮ್ಮ ಬಾಗಿಲು ಕಾಣಿಸುತ್ತದೆಯೇ?

ಎರ್ನಾಕುಳಂ ರೈಲ್ವೆ ನಿಲ್ದಾಣದ ಹತ್ತಿರ ಲಾಡ್ಜ್ ನಡೆಸುವವರು, ತಿರುವನಂತಪುರದ ತಂಪಾನೂರಿನಲ್ಲಿ ಹೋಟೆಲ್ ಇಟ್ಟವರು, ಫೋರ್ಟ್ ಕೊಚ್ಚಿಯಲ್ಲಿ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುವವರು, ಟ್ಯಾಕ್ಸಿ ಓಡಿಸುವವರು - ಇಂದಿನ ಮಾತು ಮುಖ್ಯವಾಗಿ ನಿಮಗಾಗಿ. ನವೆಂಬರ್ ನಡುವಿನಲ್ಲಿ ವೃಶ್ಚಿಕ ಮಾಸ ಹುಟ್ಟಿತೆಂದರೆ ಮಾಲೆ ಹಾಕಿದ ಸ್ವಾಮಿಗಳ ವ್ಯಾನುಗಳು ಕರ್ನಾಟಕದಿಂದ ಬರತೊಡಗುತ್ತವೆ. ಶಬರಿಮಲೆ ಮುಗಿಸಿ ಹಲವರು ಅನಂತಪದ್ಮನಾಭನ ದರ್ಶನಕ್ಕೂ ಹೋಗುತ್ತಾರೆ. ನಿಮ್ಮಲ್ಲಿ ಕೆಲವರಿಗೆ ವರ್ಷದ ಸಂಪಾದನೆಯ ದೊಡ್ಡ ಪಾಲು ಆ ಎರಡು ತಿಂಗಳಲ್ಲೇ ಬರಬೇಕು. ಸರಿಯಾಗಿ ಅದೇ ಹೊತ್ತಿಗೆ, ನಿನ್ನೆಯವರೆಗೆ ಗೂಗಲ್‌ನ ಮೊದಲ ಪುಟದಲ್ಲಿ ಕಾಣುತ್ತಿದ್ದ ನಿಮ್ಮ ಜಾಲತಾಣ ನಾಲ್ಕನೆಯ ಪುಟಕ್ಕೆ ಜಾರಿತು ಅಂತಿಟ್ಟುಕೊಳ್ಳಿ. ಫೋನು ತಣ್ಣಗಾಗುತ್ತದೆ. ನೀವೇನೂ ತಪ್ಪು ಮಾಡಿಲ್ಲ, ಊಟದ ರುಚಿ ಕೆಟ್ಟಿಲ್ಲ, ಬಾಡಿಗೆ ಏರಿಸಿಲ್ಲ.

ಇದು ಬರೀ ಕಲ್ಪನೆಯಲ್ಲ. 2024ರಲ್ಲಿ ಗೂಗಲ್ ತನ್ನ ಹುಡುಕಾಟದ ಲೆಕ್ಕಾಚಾರದಲ್ಲಿ ಮಾಡಿದ ಒಂದು ದೊಡ್ಡ ಬದಲಾವಣೆ ನವೆಂಬರ್ 11ಕ್ಕೆ ಆರಂಭವಾಗಿ ಡಿಸೆಂಬರ್ 5ಕ್ಕೆ ಮುಗಿಯಿತು. ವಾರ ಕಳೆಯುವಷ್ಟರಲ್ಲಿ, 12ಕ್ಕೆ, ಇನ್ನೊಂದು ಶುರುವಾಗಿ 18ರವರೆಗೆ ನಡೆಯಿತು. ಕ್ಯಾಲಿಫೋರ್ನಿಯಾದ ಇಂಜಿನಿಯರುಗಳು ನಮ್ಮ ಮಂಡಲ ಕಾಲವನ್ನು ಪಂಚಾಂಗದಲ್ಲಿ ನೋಡಿ ಮುಹೂರ್ತ ಇಡುವುದಿಲ್ಲವಲ್ಲ!

ಹಾಗಾದರೆ ಈ ಲೆಕ್ಕಾಚಾರ, ಅಂದರೆ ಆಲ್ಗರಿದಮ್, ಏನು ಮಾಡುತ್ತದೆ? ಹೊಸ ಊರಿಗೆ ಬಂದವನು ಬಸ್ ನಿಲ್ದಾಣದಲ್ಲಿ ನಿಂತು "ಇಲ್ಲಿ ಒಳ್ಳೆಯ ಹೋಟೆಲ್ ಯಾವುದು?" ಎಂದು ಕೇಳುತ್ತಾನೆ. ಹತ್ತು ಜನ ಒಂದೇ ಬಾಗಿಲಿನತ್ತ ಕೈ ತೋರಿಸಿದರೆ ಅಲ್ಲಿಗೆ ಹೋಗುತ್ತಾನೆ. ಹತ್ತರಲ್ಲಿ ಒಬ್ಬರು ಊರೆಲ್ಲ ಗೌರವಿಸುವ ಹಿರಿಯರಾದರೆ ಅವರ ಮಾತಿಗೆ ತೂಕ ಹೆಚ್ಚು. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಗೂಗಲ್ ಸಂಸ್ಥೆಯನ್ನು ಕಟ್ಟಿದಾಗ ಅದರ ಬುಡದಲ್ಲಿದ್ದ 'ಪೇಜ್‌ರ‍್ಯಾಂಕ್' ಎಂಬ ವಿಚಾರ ಹೆಚ್ಚುಕಡಿಮೆ ಇಷ್ಟೇ. ಒಂದು ತಾಣ ಇನ್ನೊಂದಕ್ಕೆ ಕೊಂಡಿ ಕೊಟ್ಟರೆ ಅದೊಂದು ಕೈ ತೋರಿಸಿದ ಹಾಗೆ.

ಆದರೆ ಕೈ ತೋರಿಸುವುದರಿಂದ ಹಣ ಬರುತ್ತದೆಂದು ಗೊತ್ತಾದ ಕೂಡಲೇ ಬಾಡಿಗೆಯ ಕೈಗಳು ಹುಟ್ಟಿಕೊಂಡವು. ಜೊತೆಗೆ ಪದಗಳ ಆಟ. ಟ್ರಿವೇಂಡ್ರಂ 1991ರಲ್ಲಿ ಅಧಿಕೃತವಾಗಿ ತಿರುವನಂತಪುರಂ ಆಯಿತು, ಕೊಚಿನ್ 1996ರಲ್ಲಿ ಕೊಚ್ಚಿ ಆಯಿತು. ಹುಡುಕುವವರು ಮಾತ್ರ ತಮಗೆ ಬಾಯಿಗೆ ಬಂದ ಹೆಸರನ್ನೇ ಹಾಕುತ್ತಿದ್ದರು. ಹಾಗಾಗಿ ಜಾಲತಾಣ ಕಟ್ಟುವವರಿಗೆ ಒಂದು ಉಪಾಯ ಸಿಕ್ಕಿತು: ಪುಟದ ತಳದಲ್ಲಿ ಬಿಳಿಯ ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ಕೊಚ್ಚಿ, ಕೊಚಿನ್, ಎರ್ನಾಕುಳಂ, ಹೋಟೆಲ್, ಹೊಟೇಲು ಎಂದು ನೂರು ಸಲ ಬರೆದುಬಿಡುವುದು. ಓದುವವರ ಕಣ್ಣಿಗೆ ಬೀಳದು, ಯಂತ್ರಕ್ಕೆ ಕಾಣುತ್ತದೆ. ದೇವರಿಗೆ ಕಾಣದಂತೆ ಹುಂಡಿಯಲ್ಲಿ ಸವಕಲು ನಾಣ್ಯ ಹಾಕುವ ಜಾಣತನದ್ದೇ ಜಾತಿ.

ಇಂಥ ಜಾಣತನಕ್ಕೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು 2003ರ ನವೆಂಬರಿನಲ್ಲಿ. ಆ ಬದಲಾವಣೆಯನ್ನು 'ಫ್ಲೋರಿಡಾ' ಎಂದು ಕರೆಯುತ್ತಾರೆ. ಅಮೆರಿಕದಲ್ಲಿ ಕ್ರಿಸ್‌ಮಸ್ ವ್ಯಾಪಾರದ ಕಾಲವದು. ಎಷ್ಟೋ ಸಣ್ಣ ವ್ಯಾಪಾರಿಗಳ ತಾಣಗಳು ಇದ್ದಕ್ಕಿದ್ದಂತೆ ಕಾಣೆಯಾದವು. 2011ರ ಫೆಬ್ರವರಿಯಲ್ಲಿ 'ಪಾಂಡಾ' ಬಂತು. ಅದು ಹಿಡಿದದ್ದು ಕದ್ದ ಮತ್ತು ಕಳಪೆ ಬರಹವನ್ನು. ಆಯುರ್ವೇದದ ಬಗ್ಗೆ, ಹಿನ್ನೀರಿನ ದೋಣಿಮನೆಗಳ ಬಗ್ಗೆ ಒಂದೇ ವಾಕ್ಯಗಳು ಒಂದು ತಾಣದಿಂದ ಇನ್ನೊಂದಕ್ಕೆ ಹಾರಿರುವುದನ್ನು ನೀವೂ ನೋಡಿರಬಹುದು. ಅಮೆರಿಕದ ಹುಡುಕಾಟಗಳಲ್ಲಿ ಶೇಕಡಾ 12ರಷ್ಟರ ಮೇಲೆ ಪಾಂಡಾದ ಪರಿಣಾಮವಾಯಿತೆಂದು ಗೂಗಲ್ಲೇ ಹೇಳಿತು. 2012ರ ಏಪ್ರಿಲ್‌ನ 'ಪೆಂಗ್ವಿನ್' ಬಾಡಿಗೆಯ ಕೊಂಡಿಗಳನ್ನು ಹಿಡಿಯಿತು. 2015ರ ಏಪ್ರಿಲ್ 21ರಿಂದ, ಮೊಬೈಲ್‌ನಲ್ಲಿ ಹುಡುಕುವವರಿಗೆ ಮೊಬೈಲಿಗೆ ಒಗ್ಗುವ ತಾಣಗಳು ಮುಂದೆ ಬಂದವು.

2019ರ 'ಬರ್ಟ್' ಬದಲಾವಣೆಯ ಸ್ವಾರಸ್ಯ ಕನ್ನಡ ಬಲ್ಲವರಿಗೆ ಬೇಗ ಹಿಡಿಸುತ್ತದೆ. ಕೊಚ್ಚಿಯಿಂದ ಮಂಗಳೂರಿಗೆ, ಮಂಗಳೂರಿನಿಂದ ಕೊಚ್ಚಿಗೆ - ಊರುಗಳು ಅವೇ, ವಿಭಕ್ತಿ ಪ್ರತ್ಯಯ ಅದಲು ಬದಲಾದರೆ ಪ್ರಯಾಣವೇ ತಿರುವುಮುರುವು. ಪದಗಳನ್ನು ಬಿಡಿಯಾಗಿ ಎಣಿಸುತ್ತಿದ್ದ ಯಂತ್ರ ಇಂಥ ಸಣ್ಣ ಗುರುತುಗಳಿಂದ ವಾಕ್ಯದ ಅರ್ಥ ಹಿಡಿಯಲು ಕಲಿತದ್ದು ಹೀಗೆ.

ದಿಕ್ಕು ಸರಿಯಾಗಿದೆ ಎಂದೇ ನನ್ನ ಅಭಿಪ್ರಾಯ. ಆದರೆ ನಡೆಸುವ ರೀತಿ ಸರಿಯಿಲ್ಲ. 2023ರ ಸೆಪ್ಟೆಂಬರಿನ ಬದಲಾವಣೆಯಲ್ಲಿ ಸ್ವಂತ ಅನುಭವವನ್ನು ಬರೆದಿಡುತ್ತಿದ್ದ ಎಷ್ಟೋ ಸಣ್ಣ ತಾಣಗಳು ನೆಲ ಕಚ್ಚಿದವು. ನಿಮ್ಮ ಪುಟ ಯಾಕೆ ಜಾರಿತು ಎಂದು ಯಾರೂ ಕಾಗದ ಬರೆದು ತಿಳಿಸುವುದಿಲ್ಲ. ಮೇಲ್ಮನವಿಗೆ ಕಚೇರಿಯೂ ಇಲ್ಲ. "ಕಾನೂನು ಇಲ್ಲವೇ?" ಎಂದು ಕೇಳಬಹುದು. ಹುಡುಕಾಟದಲ್ಲಿ ತನ್ನದೇ ಸೇವೆಗಳಿಗೆ ಪಕ್ಷಪಾತ ಮಾಡಿತೆಂಬ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2018ರ ಫೆಬ್ರವರಿಯಲ್ಲಿ ಗೂಗಲ್‌ಗೆ ಸುಮಾರು 136 ಕೋಟಿ ರೂಪಾಯಿ ದಂಡ ಹಾಕಿದ್ದುಂಟು. ಭಾರತ್ ಮ್ಯಾಟ್ರಿಮೊನಿಯವರು ಮತ್ತು ಒಂದು ಗ್ರಾಹಕ ಸಂಸ್ಥೆ 2012ರಲ್ಲಿ ಕೊಟ್ಟ ದೂರು. ತೀರ್ಪಿಗೆ ಆರು ವರ್ಷ. ಹತ್ತು ಕೋಣೆಗಳ ಲಾಡ್ಜಿನವರಿಗೆ ಅಷ್ಟು ತಾಳ್ಮೆಯೂ ಇಲ್ಲ, ವಕೀಲರ ಖರ್ಚೂ ಕಟ್ಟದು.

ಹೀಗಾದಾಗ ಮನುಷ್ಯ ಸಹಜವಾಗಿ ಹುಡುಕುವುದು ಮಧ್ಯವರ್ತಿಯನ್ನು. "ತಿಂಗಳಿಗೆ ಇಷ್ಟು ಕೊಡಿ, ಒಂದನೇ ಸ್ಥಾನ ಗ್ಯಾರಂಟಿ" ಎನ್ನುವವರು ಎರಡೂ ನಗರಗಳಲ್ಲಿ ಸಿಗುತ್ತಾರೆ. ಪ್ರಾಮಾಣಿಕವಾಗಿ ಕೆಲಸ ಮಾಡುವವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಗ್ಯಾರಂಟಿ ಎಂಬ ಮಾತು ಬಂತೋ, ಎದ್ದು ಬನ್ನಿ. ಒಂದನೇ ಸ್ಥಾನಕ್ಕೆ ಯಾರೂ ಖಾತರಿ ಕೊಡಲಾರರೆಂದು ಗೂಗಲ್ಲೇ ಬರೆದು ಹಾಕಿದೆ. ಜಾಹೀರಾತಿಗೆ ಕೊಡುವ ಹಣ ಬೇರೆ. ಅದರಿಂದ ಕೆಳಗಿನ ಸಹಜ ಪಟ್ಟಿಯಲ್ಲಿ ನಿಮ್ಮ ಸ್ಥಾನ ಏರುವುದಿಲ್ಲ.

ಗಾಬರಿಯಾಗುವ ಮೊದಲು ನಿಜವಾಗಿ ಜಾರಿದ್ದೀರಾ ಎಂದು ನೋಡಿ. ಗೂಗಲ್‌ನ 'ಸರ್ಚ್ ಕನ್ಸೋಲ್' ಎಂಬ ಸೌಲಭ್ಯ ಉಚಿತ. ಯಾವ ಪದ ಹುಡುಕಿದವರಿಗೆ ನೀವು ಎಷ್ಟನೆಯವರಾಗಿ ಕಂಡಿರಿ ಎಂಬುದು ಅದರಲ್ಲಿರುತ್ತದೆ. ಬದಲಾವಣೆ ಪೂರ್ತಿ ಮುಗಿದು ಒಂದು ವಾರ ಕಳೆದ ಮೇಲೆ, ಬದಲಾವಣೆಗೆ ಮುಂಚಿನ ವಾರದೊಂದಿಗೆ ಹೋಲಿಸಿ. ನಡುವೆಯೇ ಪುಟವನ್ನೆಲ್ಲ ಕಿತ್ತು ಕಟ್ಟಬೇಡಿ. ಎಷ್ಟೋ ಸಲ ಇಳಿದದ್ದು ಸ್ಥಾನವಲ್ಲ, ಹುಡುಕುವವರ ಸಂಖ್ಯೆ. ಸೀಸನ್ ಮುಗಿದಿರುತ್ತದೆ ಅಷ್ಟೇ.

ಇನ್ನು, ಹೋಟೆಲಿನವರ ಸ್ಥಾನವೆಂಬುದು ಒಂದೇ ಸಂಖ್ಯೆಯಲ್ಲ. ಕೊಚ್ಚಿಯಲ್ಲೂ ಎಂ.ಜಿ. ರೋಡ್ ಇದೆ, ತಿರುವನಂತಪುರದಲ್ಲೂ ಇದೆ. ತಂಪಾನೂರಿನಲ್ಲಿ ರೈಲಿನಿಂದ ಇಳಿದವರಿಗೆ ಕಾಣುವ ನಕ್ಷೆಯ ಪಟ್ಟಿ ಬೇರೆ, ದೇವಸ್ಥಾನದ ಪೂರ್ವಕೋಟೆಯ ಬಳಿ ನಿಂತವರಿಗೆ ಬೇರೆ. 2015ರಲ್ಲಿ ಗೂಗಲ್ ಆ ಪಟ್ಟಿಯಲ್ಲಿ ಮೊದಲು ತೋರಿಸುವ ಏಳು ಹೆಸರುಗಳನ್ನು ಮೂರಕ್ಕೆ ಇಳಿಸಿತು. ಹೀಗಾಗಿ ಬಾಗಿಲು ತೆರೆಯುವ ವೇಳೆ, ಫೋನ್ ನಂಬರು, ನಕ್ಷೆಯ ಮೇಲಿನ ಗುರುತು ಸರಿಯಿಲ್ಲದವರ ಪಾಡು ಕಷ್ಟ. ಇದನ್ನು ಸರಿಪಡಿಸಲು ಮಧ್ಯವರ್ತಿ ಬೇಡ. ಕಾಲೇಜಿಗೆ ಹೋಗುವ ನಿಮ್ಮ ಮಗಳು ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾಳೆ.

ಕೊನೆಯದಾಗಿ ನಮ್ಮ ಭಾಷೆಯ ವಿಷಯ. ಹಿಂದೆ ಕನ್ನಡದ ಜಾಲತಾಣಗಳು ತಮ್ಮ ತಮ್ಮದೇ ಫಾಂಟುಗಳಲ್ಲಿ ಇದ್ದವು. ನಮಗೆ ಕನ್ನಡವಾಗಿ ಕಂಡದ್ದು ಹುಡುಕುಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿತ್ತು. ಯೂನಿಕೋಡ್ ರೂಢಿಗೆ ಬಂದ ಮೇಲೆ ಆ ತೊಡಕು ಕಳೆಯಿತು. ಆದರೂ ನಮ್ಮ ಭಾಷೆಯಲ್ಲಿ, ನಮ್ಮ ಭಾಷೆಯ ಬಗ್ಗೆ ಬರೆದಿಟ್ಟದ್ದು ಸಾಲದು. ಸಾಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2021ರ ಜೂನ್ ಸಾಕ್ಷಿ. ಭಾರತದ ಅತ್ಯಂತ ಕುರೂಪ ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದವರಿಗೆ ಗೂಗಲ್ 'ಕನ್ನಡ' ಎಂದು ಉತ್ತರಿಸಿತು. ಕರ್ನಾಟಕ ಸರ್ಕಾರ ಕೆರಳಿತು, ಗೂಗಲ್ ಕ್ಷಮೆ ಕೇಳಿ ಉತ್ತರವನ್ನು ತೆಗೆದುಹಾಕಿತು. ಹೆಸರೇ ಕೇಳಿರದ ಯಾವುದೋ ತಾಣದಲ್ಲಿದ್ದ ಸಾಲನ್ನು ಯಂತ್ರ ಎತ್ತಿ ತಲೆಯ ಮೇಲಿಟ್ಟಿತ್ತು. ಇಂಥ ಅಸಂಬದ್ಧ ಪ್ರಶ್ನೆಗೆ ತಿಳಿದವರು ಯಾರೂ ಉತ್ತರ ಬರೆದಿರುವುದಿಲ್ಲ. ಖಾಲಿ ಕುರ್ಚಿಯಲ್ಲಿ ಮೊದಲು ಬಂದವನೇ ಕುಳಿತ. 2024ರ ಆಗಸ್ಟಿನಿಂದ ಭಾರತದಲ್ಲೂ ಕೃತಕ ಬುದ್ಧಿಮತ್ತೆಯೇ ಉತ್ತರ ಬರೆದು ಪಟ್ಟಿಯ ಮೇಲೆ ತೋರಿಸತೊಡಗಿದೆ. ಅದೂ ಆಯ್ದುಕೊಳ್ಳುವುದು ಯಾರೋ ಬರೆದಿಟ್ಟದ್ದನ್ನೇ.

ಆದ್ದರಿಂದ ನಿಮ್ಮ ತಾಣದಲ್ಲಿ ಕನ್ನಡದ ಒಂದು ಪುಟ ಇರಲಿ. ವ್ಯಾನ್ ನಿಲ್ಲಿಸಲು ಜಾಗ ಎಲ್ಲಿ, ಸ್ವಾಮಿಗಳಿಗೆ ಮುಂಜಾನೆ ಬಿಸಿನೀರು ಎಷ್ಟು ಗಂಟೆಗೆ, ಪದ್ಮನಾಭಸ್ವಾಮಿ ದೇವಸ್ಥಾನಕ್ಕೆ ಗಂಡಸರು ಪಂಚೆ ಉಡಬೇಕು, ಬಾಡಿಗೆಗೆ ಎಲ್ಲಿ ಸಿಗುತ್ತದೆ, ಈರುಳ್ಳಿ ಬೆಳ್ಳುಳ್ಳಿ ಹಾಕದ ಅಡುಗೆ ಉಂಟೇ - ಇದನ್ನು ನಿಮ್ಮಷ್ಟು ಚೆನ್ನಾಗಿ ಬಲ್ಲವರು ಯಾರು? ಇಂದು ರಾತ್ರಿ ಊಟವಾದ ಮೇಲೆ, ಹಾಸನದಿಂದ ಹೊರಟ ಒಬ್ಬ ಸ್ವಾಮಿ ಏನು ಕೇಳಿಯಾನೋ ಅದನ್ನು ಕನ್ನಡದಲ್ಲೇ ನಿಮ್ಮ ಫೋನಿನಲ್ಲಿ ಹಾಕಿ ನೋಡಿ. ಯಾರ ಹೆಸರು ಬರುತ್ತದೆಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.