ತಾಯಿಯ ಕಡೆಯಿಂದ ಬಂದದ್ದು

(ಮಾದಾಪುರದಲ್ಲಿ ನಡೆದ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳು)



"ಸುಸ್ತು" ಎಂಬ ಮಾತನ್ನು ನಾವು ದಿನಕ್ಕೆ ಎಷ್ಟು ಸಲ ಆಡುತ್ತೇವೋ ಲೆಕ್ಕವಿಲ್ಲ. ಮನೆಯವರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡು ಮಹಡಿ ಹತ್ತಿ ಸೊಸೆ ಕುಳಿತರೆ ಸೋಮಾರಿತನ, ಅತ್ತೆ ಕುಳಿತರೆ ವಯಸ್ಸು. ಹೆಚ್ಚಿನ ಸಲ ಸುಸ್ತಿಗೆ ರಕ್ತಹೀನತೆ, ಥೈರಾಯ್ಡ್, ನಿದ್ದೆಗೇಡಿನಂಥ ಸಾಮಾನ್ಯ ಕಾರಣಗಳೇ ಇರುತ್ತವೆ. ಮೊದಲು ಅವನ್ನೇ ನೋಡಿಸಬೇಕು. ಆದರೆ ಕೆಲವರಲ್ಲಿ ಕಾರಣ ಸ್ನಾಯುವಿನ ಒಳಗೇ ಇರುತ್ತದೆ. ಅದು ಪತ್ತೆಯಾದಾಗ ಹೆಣ್ಣಿನ ಮೇಲೆ ಇನ್ನೊಂದು ಮಾತು ಬೀಳಬಹುದು: "ಇದು ತಾಯಿಯ ಕಡೆಯಿಂದ ಬಂದದ್ದು." ಇವತ್ತು ಆ ಮಾತಿನ ಬಗ್ಗೆಯೇ ಸ್ವಲ್ಪ ಹೇಳುತ್ತೇನೆ.

ನಮ್ಮ ದೇಹದ ಬಹುಪಾಲು ಜೀವಕೋಶಗಳಲ್ಲಿ ಮೈಟೊಕಾಂಡ್ರಿಯ ಎಂಬ ಪುಟ್ಟ ಒಲೆಗಳಿವೆ. ಉಂಡ ಅನ್ನವನ್ನು ಉಸಿರಾಡಿದ ಆಮ್ಲಜನಕದ ಜೊತೆ ಉರಿಸಿ ಶಕ್ತಿ ಮಾಡುವುದು ಅವುಗಳ ಕೆಲಸ. ಬಿಡುವಿಲ್ಲದೆ ದುಡಿಯುವ ಸ್ನಾಯು, ಹೃದಯ, ಮೆದುಳುಗಳಿಗೆ ಈ ಒಲೆ ಹೆಚ್ಚು ಬೇಕು. ಈ ಒಲೆಗಳಿಗೆ ತಮ್ಮದೇ ಆದ ಡಿಎನ್‌ಎ ಇದೆ: 16,569 ಅಕ್ಷರ, 37 ವಂಶವಾಹಿಗಳ ಒಂದು ಚಿಕ್ಕ ಪುಸ್ತಕ. ಕೇಂಬ್ರಿಜ್‌ನ ವಿಜ್ಞಾನಿಗಳು 1981ರಲ್ಲಿ ಅದನ್ನು ಪೂರ್ತಿ ಓದಿದರು. ಈ ಪುಸ್ತಕ ಮಗುವಿಗೆ ಬರುವುದು ತಾಯಿಯ ಅಂಡಾಣುವಿನಿಂದ. ಗಂಡುಮಕ್ಕಳಿಗೂ ತಾಯಿಯಿಂದಲೇ ಸಿಗುತ್ತದೆ, ಆದರೆ ಅವರು ಮುಂದಕ್ಕೆ ದಾಟಿಸುವುದಿಲ್ಲ.

ಪುಸ್ತಕ ಎಂದ ಮೇಲೆ ಅಚ್ಚಿನ ದೋಷವೂ ಉಂಟು. ಅದನ್ನೇ ಮ್ಯುಟೇಶನ್ ಎನ್ನುತ್ತಾರೆ. 1988ರಲ್ಲಿ ಲಂಡನ್ನಿನಲ್ಲಿ ಅನಿಟಾ ಹಾರ್ಡಿಂಗ್ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು ಸ್ನಾಯು ಕಾಯಿಲೆಯವರ ಮೈಟೊಕಾಂಡ್ರಿಯ ಡಿಎನ್‌ಎಯಲ್ಲಿ ತುಂಡುಗಳೇ ಕಾಣೆಯಾಗಿರುವುದನ್ನು ತೋರಿಸಿದರು. ಅಲ್ಲಿಯವರೆಗೆ ಇಂಥ ದೋಷದಿಂದ ಕಾಯಿಲೆ ಬರುತ್ತದೆ ಎಂಬುದಕ್ಕೆ ಪುರಾವೆ ಇರಲಿಲ್ಲ.

ಒಬ್ಬಳೇ ತಾಯಿಯ ಮಕ್ಕಳಲ್ಲಿ ಒಬ್ಬನಿಗೆ ಕಾಯಿಲೆ, ಇನ್ನೊಬ್ಬಳಿಗೆ ಏನೂ ಇಲ್ಲ, ಇದು ಹೇಗೆ? ನಮ್ಮ ಅಕ್ಕಿಯ ಡಬ್ಬವನ್ನೇ ನೋಡಿ. ಮೂಟೆಯಲ್ಲಿ ಅಲ್ಲೊಂದು ಇಲ್ಲೊಂದು ಕಲ್ಲು ಇರುತ್ತದೆ. ಒಂದು ಪಾವಿನಲ್ಲಿ ಒಂದೂ ಬರಲಿಕ್ಕಿಲ್ಲ, ಇನ್ನೊಂದು ಪಾವಿನಲ್ಲಿ ಹತ್ತು ಬರಬಹುದು. ಒಂದೊಂದು ಅಂಡಾಣುವಿಗೆ ಹೋಗುವ ದೋಷದ ಪಾಲೂ ಹಾಗೆಯೇ. ಒಂದೆರಡು ಕಲ್ಲಿದ್ದರೆ ಊಟ ಸಾಗುತ್ತದೆ. ಒಂದು ಮಿತಿ ದಾಟಿದರೆ ಮಾತ್ರ ಕಾಯಿಲೆ ಕಾಣಿಸಿಕೊಳ್ಳುತ್ತದೆ.

ಕಾಣಿಸುವ ರೀತಿಗಳೂ ಹಲವು. ಜೋತುಬೀಳುವ ಕಣ್ಣಿನ ರೆಪ್ಪೆ, ಸ್ವಲ್ಪ ಕೆಲಸಕ್ಕೇ ಸೋಲುವ ಕೈಕಾಲು, ಕಿವಿ ಮಂದವಾಗುವುದು, ಫಿಟ್ಸ್, ಚಿಕ್ಕ ವಯಸ್ಸಿನಲ್ಲೇ ಲಕ್ವದಂಥ ತೊಂದರೆ. 3243ನೆಯ ಅಕ್ಷರದ ಒಂದು ದೋಷ ಕೆಲವು ಮನೆಗಳಲ್ಲಿ ಸಕ್ಕರೆ ಕಾಯಿಲೆ ಮತ್ತು ಕಿವುಡುತನವನ್ನು ಒಟ್ಟಿಗೇ ತರುತ್ತದೆ. ಇವುಗಳಲ್ಲಿ ಎರಡು ಮೂರು ಒಬ್ಬರಲ್ಲೇ, ಅಥವಾ ತಾಯಿ, ಅಜ್ಜಿ, ಸೋದರಮಾವ, ಚಿಕ್ಕಮ್ಮಂದಿರಲ್ಲಿ ಹಂಚಿಕೊಂಡು ಕಂಡರೆ ನರರೋಗ ತಜ್ಞರಿಗೆ ಆ ವಂಶದ ವಿವರವನ್ನು ತಪ್ಪದೆ ಹೇಳಿ.

ಈ ವಿಷಯದಲ್ಲಿ ನಮ್ಮ ತವರಿಗೂ ನಾವು ನೆಲೆಸಿದ ಊರಿಗೂ ಒಂದು ನಂಟಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರೂ ಇಲ್ಲೇ ಹಬ್ಸಿಗುಡದಲ್ಲಿರುವ ಸಿಸಿಎಂಬಿಯ ಡಾ. ಕೆ. ತಂಗರಾಜ್ ಅವರ ತಂಡವೂ ಕೂಡಿ ಇಂಥ ರೋಗಿಗಳನ್ನು ಅಧ್ಯಯನ ಮಾಡಿದ್ದಾರೆ. ಸ್ನಾಯುವಿನ ಚೂರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕೆಟ್ಟ ಮೈಟೊಕಾಂಡ್ರಿಯಗಳು ಗುಂಪುಗೂಡಿದ ಎಳೆಗಳ ಅಂಚು ಕೆಂಪಗೆ, ಹರಿದ ಬಟ್ಟೆಯಂತೆ ಕಾಣುತ್ತದೆ. ದೋಷ ಯಾವ ಅಕ್ಷರದಲ್ಲಿದೆ ಎಂಬುದನ್ನು ಡಿಎನ್‌ಎ ಓದಿ ತಿಳಿಯಬೇಕು. ಅಂಡಮಾನಿನ ಆದಿವಾಸಿಗಳ ಮೂಲವನ್ನು ತಂಗರಾಜ್ ಅವರ ತಂಡ 2005ರಲ್ಲಿ ಹುಡುಕಿದ್ದೂ ಇದೇ ತಾಯಿಯ ಪುಸ್ತಕವನ್ನು ಓದಿ. ಕಾಯಿಲೆಯ ಸುಳಿವು ಕೊಡುವ ಪುಸ್ತಕವೇ ಸಾವಿರಾರು ವರ್ಷಗಳ ಅಜ್ಜಿಯರ ದಾರಿಯನ್ನೂ ತೋರಿಸುತ್ತದೆ.

ಈಗ ಆ ಮಾತಿಗೆ ಬರುತ್ತೇನೆ. ಮೊದಲನೆಯದಾಗಿ, ಮೈಟೊಕಾಂಡ್ರಿಯದ ಕಾಯಿಲೆಗಳೆಲ್ಲ ತಾಯಿಯಿಂದ ಬರುವುದಿಲ್ಲ. ಆ ಒಲೆಗೆ ಬೇಕಾದ ಸಾವಿರಕ್ಕೂ ಹೆಚ್ಚು ಪ್ರೋಟೀನುಗಳ ಬರಹ ತಂದೆ ತಾಯಿ ಇಬ್ಬರಿಂದಲೂ ಬರುವ ಡಿಎನ್‌ಎಯಲ್ಲಿದೆ. ದೊಡ್ಡ ತುಂಡು ಕಾಣೆಯಾಗುವ ದೋಷ ಸಾಮಾನ್ಯವಾಗಿ ಯಾರಿಂದಲೂ ಬಂದದ್ದಲ್ಲ, ತಾನಾಗಿ ಆದದ್ದು. ಎರಡನೆಯದಾಗಿ, ತಾಯಿಯಿಂದಲೇ ಬಂದಿದ್ದರೂ ಅದು ಅವಳು ಮಾಡಿದ್ದಲ್ಲ. ಬಸುರಿಯಲ್ಲಿ ಏನು ತಿಂದಳು, ಯಾವ ವ್ರತ ಬಿಟ್ಟಳು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. "ತಾಯಿಯ ಕಡೆಯಿಂದ" ಎಂಬುದು ವೈದ್ಯರಿಗೆ ಒಂದು ದಾರಿ, ಮನೆಯವರಿಗೆ ಅದು ದೂರಾಗಬಾರದು. ಮದುವೆಯಾಗಿ ಮಗು ಬೇಕೆನ್ನುವ ಮಗಳಿಗೆ ಆನುವಂಶಿಕ ಸಲಹೆ ಸಿಗಬೇಕು. ಬ್ರಿಟನ್ 2015ರಲ್ಲಿ ಇನ್ನೊಬ್ಬ ಮಹಿಳೆಯ ಆರೋಗ್ಯವಂತ ಮೈಟೊಕಾಂಡ್ರಿಯ ಬಳಸುವ ವಿಧಾನಕ್ಕೆ ಕಾನೂನಿನ ಒಪ್ಪಿಗೆ ಕೊಟ್ಟಿತು. ಅಲ್ಲಿ ಹಾಗೆ ಎಂಟು ಮಕ್ಕಳು ಹುಟ್ಟಿದ ವರದಿ 2025ರಲ್ಲಿ ಬಂತು.

ಇನ್ನು ವಯಸ್ಸಿನ ವಿಷಯ. ಹುಟ್ಟುವಾಗ ಇಲ್ಲದ ದೋಷಗಳೂ ವರ್ಷಗಳು ಕಳೆದಂತೆ ನಮ್ಮೆಲ್ಲರ ಸ್ನಾಯುಗಳಲ್ಲಿ ಸೇರಿಕೊಳ್ಳುತ್ತವೆ. ಒಂದೊಂದು ಎಳೆಯಲ್ಲಿ ಅವು ಹೆಚ್ಚಿ, ಆ ಎಳೆಯ ಒಲೆ ನಂದುತ್ತದೆ. 2004ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇಂಥ ದೋಷಗಳು ಬಹಳ ಬೇಗ ಸೇರುವಂತೆ ಮಾಡಿದ ಇಲಿಗಳು ಬೇಗ ಮುದಿಯಾದವು. ಮನುಷ್ಯರ ಮುಪ್ಪಿಗೆ ಇದೊಂದೇ ಕಾರಣ ಎನ್ನಲಾಗದು, ಆದರೆ ಕಾರಣಗಳಲ್ಲಿ ಒಂದು ಎಂದು ಹಲವರ ಅಭಿಪ್ರಾಯ. ಅಂದರೆ ಆ ಸೊಸೆಯ ಸ್ನಾಯುವಿನಲ್ಲಿ ಹೆಚ್ಚಾಗಿ ಇರುವುದೇ ಅತ್ತೆಯ ಸ್ನಾಯುವಿನಲ್ಲಿ ಸ್ವಲ್ಪ ಸ್ವಲ್ಪ ಇದೆ. ಯಾರು ಯಾರನ್ನು ದೂರಬೇಕು?

ಹೆಚ್ಚಿನ ಮೈಟೊಕಾಂಡ್ರಿಯ ಕಾಯಿಲೆಗಳಿಗೆ ಪೂರ್ತಿ ಗುಣಪಡಿಸುವ ಮದ್ದು ಇನ್ನೂ ಇಲ್ಲ. ಆದರೆ ಹೆಸರು ಗೊತ್ತಾದರೆ ಹೃದಯ, ಕಿವಿ, ಸಕ್ಕರೆಗಳನ್ನು ಕಾಲಕಾಲಕ್ಕೆ ನೋಡಿಸಿಕೊಳ್ಳಬಹುದು. ಕೆಲವು ಬಗೆಗಳಲ್ಲಿ ಫಿಟ್ಸ್‌ಗೆ ಕೊಡುವ ವ್ಯಾಲ್‌ಪ್ರೊಯೇಟ್‌ನಂಥ ಔಷಧಿಯಿಂದ ಯಕೃತ್ತಿಗೆ ಆಗುವ ಅಪಾಯ ತಪ್ಪಿಸಬಹುದು. ಯಾವ ಔಷಧಿಯನ್ನೂ ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಉಳಿದ ನಮಗೆಲ್ಲ ಮದ್ದು ಅಗ್ಗದ್ದು: ನಡಿಗೆ, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸ, ತಟ್ಟೆಯಲ್ಲಿ ಸಾಕಷ್ಟು ಬೇಳೆಕಾಳು. ವ್ಯಾಯಾಮ ಹಳೆಯ ದೋಷವನ್ನು ಅಳಿಸುವುದಿಲ್ಲ, ಆದರೆ ಹೊಸ ಒಲೆಗಳನ್ನು ಹೂಡುತ್ತದೆ. ಕಾಯಿಲೆ ಇರುವವರು ಮಾತ್ರ ವೈದ್ಯರು ಹೇಳಿದಷ್ಟೇ ಮಾಡಬೇಕು.

ಇವತ್ತು ಮನೆಗೆ ಹೋದ ಮೇಲೆ ಯಾರಾದರೂ "ಸುಸ್ತು" ಎಂದರೆ ಒಂದು ಗಳಿಗೆ ಕುಳಿತು "ಎಷ್ಟು ದಿನದಿಂದ?" ಎಂದು ಕೇಳಿ. ಎಷ್ಟೋ ರೋಗಗಳ ಪತ್ತೆ ಶುರುವಾಗುವುದು ಆ ಪ್ರಶ್ನೆಯಿಂದ.